ಎತ್ತಿಗೆ ಸೂಜಿ ಐತಿ, ನಾಯಿಗೆ ಯಾಕಿಲ್ಲ?

ಬಿಳೂರ: ಜತ್ತ ತಾಲೂಕಿನ ನಮ್ಮ ಕನ್ನಡ ಹಳ್ಳಿಗಳಲ್ಲಿ ಎತ್ತಿಗೆ ವರ್ಷಕ್ಕೆ ಎರಡು ಹಬ್ಬ. ಕಾರ ಹುಣ್ಣಿಮೆಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುತ್ತೇವೆ. ಮರಾಠಿ ಮಂದಿ ಇದಕ್ಕೇ 'ಕರ್ನಾಟಕಿ ಬೇಂದೂರ' ಅನ್ನುತ್ತಾರೆ. ಮುಂದೆ ಒಂದು ತಿಂಗಳಿಗೆ ಅವರ ಬೇಂದೂರ ಬರುತ್ತದೆ. ಎರಡು ಭಾಷೆಯ ಊರಲ್ಲಿ ಹುಟ್ಟಿದ ಎತ್ತಿನ ಪುಣ್ಯ ಇದು. ಅದೇ ಕೊಟ್ಟಿಗೆಯ ಬಾಗಿಲಿಗೆ ರಾತ್ರಿಯೆಲ್ಲ ಮೈಮುರಿದು ಕೂತು ಕಾಯುವ ನಾಯಿಗೆ ಎರಡು ರಾಜ್ಯದಲ್ಲಿ ಒಂದು ಹಬ್ಬವೂ ಇಲ್ಲ. ಹಬ್ಬ ಇಲ್ಲದಿದ್ದರೆ ಹೋಗಲಿ, ಸೂಜಿಯೂ ಇಲ್ಲ.

ಸೂಜಿ ಅಂದರೆ ನಮ್ಮ ರೈತರಿಗೆ ಗೊತ್ತಿಲ್ಲದ ಮಾತಲ್ಲ. ಕಾಲುಬಾಯಿ ಬೇನೆಗೆ, ಅಂದರೆ ಮರಾಠಿಯ ಲಾಳ್ಯಾ-ಖುರಕೂತಕ್ಕೆ, 2019ರಿಂದ ಕೇಂದ್ರದ ಯೋಜನೆಯಲ್ಲಿ ಪುಕ್ಕಟೆ ಲಸಿಕೆ ನಡೆದಿದೆ. ದನದ ಕಿವಿಗೆ ಬಿಲ್ಲೆ ಬಿದ್ದಿದೆ, ಅದರ ಮೇಲೆ 12 ಅಂಕಿಯ ನಂಬರು. 2022ರಲ್ಲಿ ಲಂಪಿ ಬಂದಾಗ ಖಿಲಾರಿ ಹೋರಿ ಸಾಕಿದವರು ದನದ ದವಾಖಾನೆಯ ಬಾಗಿಲು ಕಾದದ್ದನ್ನು ಎರಡೂ ಕಡೆಯ ಮಂದಿ ಕಂಡಿದ್ದಾರೆ. ಮಾಡಗ್ಯಾಳ ಕುರಿಯ ಖ್ಯಾತಿ ನಮ್ಮ ತಾಲೂಕಿನದೇ. ಆ ಕುರಿ ಸಾಕುವವರಿಗೆ ಮಳೆಗಾಲದ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮಾತು ತೆಗೆದು ನಾನು ನಮ್ಮ ಸುತ್ತಿನ ಕೆಲವು ವಸ್ತಿಗಳಲ್ಲಿ ಕೇಳುತ್ತ ಹೋದೆ. ಎಮ್ಮೆಗೆ ಲಸಿಕೆ ಆಗೈತೇನು ಅಂದರೆ ಥಟ್ಟನೆ ಉತ್ತರ, ತಿಂಗಳು ಸಹಿತ. ನಾಯಿಗೆ ಅಂದರೆ ನಗು. "ಏ ಕಾಕಾ, ಅದು ಹಾದಿ ಮ್ಯಾಲಿಂದ ಬಂದದ್ದು. ಅದಕ್ಕ ಯಾವ ಸೂಜಿ?" ಅಂದವನೊಬ್ಬ ತರುಣ ದ್ರಾಕ್ಷಿ ಬೆಳೆಗಾರ. ಒಣದ್ರಾಕ್ಷಿ ಶೆಡ್ಡು ಕಾಯಲಿಕ್ಕೆ ಅವನ ಹತ್ತಿರ ಎರಡು ನಾಯಿ ಇವೆ. ಶೆಡ್ಡಿನಲ್ಲಿರುವ ಮಾಲಿನ ಬೆಲೆ ಲಕ್ಷಗಟ್ಟಲೆ. ಮಾಲಿಗೆ ಬೆಲೆ ಇದೆ, ಕಾಯುವವನಿಗೆ ಇಲ್ಲ. ಅಡತಿ ವ್ಯಾಪಾರಿಗಳು ಕಿರ್ದಿ ಬರೆಯುವವರು, ಅವರಿಗೆ ಇದು ಬೇಗ ತಿಳಿಯುತ್ತದೆ: ಯಾವುದಕ್ಕೆ ಕ್ರಯ ಇಲ್ಲವೋ ಅದರ ಹೆಸರು ವಹಿಯಲ್ಲಿ ಬರುವುದಿಲ್ಲ, ಹೆಸರು ಇಲ್ಲದ್ದರ ಮೇಲೆ ಖರ್ಚೂ ಬೀಳುವುದಿಲ್ಲ. ಆದರೆ ಆ ನಾಯಿ ಕಡಿದ ಎಮ್ಮೆಗೆ ಕ್ರಯ ಇದೆ. ಕಡಿಸಿಕೊಂಡ ಮಗುವಿನ ಮಾತಂತೂ ಹಣದಲ್ಲಿ ಆಡುವಂಥದ್ದಲ್ಲ.

2025ರಲ್ಲಿ ಬೀದಿನಾಯಿಗಳ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ ದೇಶವೆಲ್ಲ ಮಾತಾಡಿತು. ನಾನು ಹೇಳುತ್ತಿರುವುದು ಅದಲ್ಲ. ನಮ್ಮ ಅಂಗಳದಲ್ಲಿ ರೊಟ್ಟಿ ತಿನ್ನುವ ನಾಯಿ, ನಮ್ಮ ಅಂಗಡಿಯ ಚೀಲದ ಮೇಲೆ ಮಲಗುವ ಬೆಕ್ಕು, ಇವುಗಳ ಮಾತು.

ಹುಚ್ಚು ಅನ್ನುವ ಹೆಸರೇ ಮೋಸ

ನಾವು ಹುಚ್ಚುನಾಯಿ ಅನ್ನುತ್ತೇವೆ, ಅವರು ಪಿಸಾಳಲೇಲಾ ಕುತ್ರಾ ಅನ್ನುತ್ತಾರೆ. ಎರಡೂ ಮಾತು ಕಣ್ಣ ಮುಂದೆ ತರುವುದು ಒಂದೇ ಚಿತ್ರ: ಬಾಯಲ್ಲಿ ನೊರೆ, ಕೆಂಪು ಕಣ್ಣು, ಕಂಡಕಂಡವರ ಮೇಲೆ ಹಾರುವುದು. ಅಂಥದ್ದು ಬಂದರೆ ಊರು ಬಡಿಗೆ ಹಿಡಿದು ನಿಲ್ಲುತ್ತದೆ. ಆದರೆ ರೇಬಿಸ್‌ಗೆ ಇನ್ನೊಂದು ರೂಪ ಇದೆ, ಮೂಕ ರೂಪ. ನಾಯಿ ಕತ್ತಲು ಮೂಲೆ ಹಿಡಿಯುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾರದು, ಹಿಂಗಾಲು ಎಳೆಯುತ್ತದೆ. ಯಾರಿಗೂ ಹಾರುವುದಿಲ್ಲ. ಮನೆಯವರು ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯಲ್ಲಿ ಕೈ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಕಡಿಯಬೇಕು ಅಂತಿಲ್ಲ, ಕೈಮೇಲಿನ ಸಣ್ಣ ಗಾಯಕ್ಕೆ ಆ ಜೊಲ್ಲು ತಾಗಿದರೆ ಸಾಕು.

ರೋಗಾಣು ಗಾಯದಿಂದ ರಕ್ತಕ್ಕೆ ಹೋಗುವುದಲ್ಲ, ನರದ ಹಾದಿ ಹಿಡಿದು ನಿಧಾನ ಮಿದುಳಿಗೆ ಏರುತ್ತದೆ. ಹೆಚ್ಚಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ವಾರದಲ್ಲಿ, ಕೆಲವೊಮ್ಮೆ ವರ್ಷ ದಾಟಿ ಕಾಣಿಸಿಕೊಳ್ಳುತ್ತದೆ. ಕಾಲಿಗಿಂತ ಮುಖಕ್ಕೆ, ಕುತ್ತಿಗೆಗೆ ಕಡಿದರೆ ಹಾದಿ ಸಮೀಪ; ಮಕ್ಕಳಿಗೆ ಅಪಾಯ ಹೆಚ್ಚು ಆಗುವುದು ಇದಕ್ಕೇ, ಅವರ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಒಮ್ಮೆ ನೀರು ಕಂಡು ಬೆದರುವ ಲಕ್ಷಣ ಬಂತೆಂದರೆ ಜತ್ತ ಇರಲಿ, ಮಿರಜ ಇರಲಿ, ಮುಂಬೈ ಇರಲಿ, ಯಾವ ಡಾಕ್ಟರ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಐಸಿಎಂಆರ್‌ನವರು 2022-23ರಲ್ಲಿ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆ ಕೇಳಿ ಲೆಕ್ಕ ಹಾಕಿದರು. ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಮಂದಿಗೆ ಪ್ರಾಣಿ ಕಡಿತ, ಅದರಲ್ಲಿ ನಾಲ್ಕಕ್ಕೆ ಮೂರು ಪಾಲು ನಾಯಿಯದು. ರೇಬಿಸ್‌ನಿಂದ ಸಾವು ಅಂದಾಜು 5,700. ಹಿಂದೆ ವರ್ಷಕ್ಕೆ ಇಪ್ಪತ್ತು ಸಾವಿರ ಅನ್ನುತ್ತಿದ್ದರು. ಕಡಿಮೆ ಆಗಿದೆ, ಒಳ್ಳೆಯದು. ಆದರೆ ಈ 5,700 ಮಂದಿಯಲ್ಲಿ ಸಾಯಲೇಬೇಕಾದವರು ಒಬ್ಬರೂ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಬೇರೆ ಯಾವ ರೋಗಕ್ಕೂ ಇಷ್ಟು ಖಾತ್ರಿಯ ಮದ್ದು ಮೊದಲೇ ಕೈಯಲ್ಲಿರುವುದಿಲ್ಲ.

ಎಮ್ಮೆಯ ಬಾಯಿಗೆ ಕೈ

ರೈತರು ತಿಳಿಯಲೇಬೇಕಾದ ಮಾತು ಇನ್ನೊಂದು ಇದೆ. ವಸ್ತಿಯ ನಾಯಿಗೆ ರೋಗ ಹತ್ತಿದರೆ ಮೊದಲು ಅದರ ಬಾಯಿಗೆ ಸಿಗುವುದು ಕಟ್ಟಿಹಾಕಿದ ದನ. ಓಡಲಿಕ್ಕೆ ಬರುವುದಿಲ್ಲವಲ್ಲ. ರಾತ್ರಿ ಮೂಗಿಗೋ ಕಾಲಿಗೋ ಕಡಿದದ್ದು ಮುಂಜಾನೆ ಗೊತ್ತೂ ಆಗುವುದಿಲ್ಲ. ಕೆಲವು ವಾರ ಕಳೆದ ಮೇಲೆ ಎಮ್ಮೆ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ದನಿ ಒಡೆದು ಸುಮ್ಮನೆ ಒದರುತ್ತಲೇ ಇರುತ್ತದೆ, ಸಗಣಿ ಹಾಕಲು ತಿಣುಕುತ್ತದೆ. ಮಾಲಕ ಏನು ತಿಳಿಯುತ್ತಾನೆ? ಕಬ್ಬಿನ ತುಂಡೋ ಗಜ್ಜರಿಯೋ ಸಿಕ್ಕಿದೆ ಅಂತ. ಅಂಗಿ ತೋಳು ಮಡಚಿ ಮೊಣಕೈ ತನಕ ಬಾಯೊಳಗೆ ಕೈ. ಗೊಟ್ಟದಲ್ಲಿ ಎಣ್ಣೆ ಕುಡಿಸಲಿಕ್ಕೆ ನಾಲ್ಕು ಮಂದಿ ಹಿಡಿಯುತ್ತಾರೆ, ನಾಲ್ವರ ಕೈಗೂ ಜೊಲ್ಲು. ಜೊಲ್ಲು ಸುರಿಸುವ ದನದ ಬಾಯಲ್ಲಿ ಕೈ ಹಾಕುವ ಮೊದಲು ದನದ ಡಾಕ್ಟರನ್ನು ಕರೆಯಬೇಕು. ಇದೊಂದು ಮಾತು ವಸ್ತಿಯ ಬಾಗಿಲಿಗೆ ಬರೆದು ಹಾಕಿದರೂ ಅಡ್ಡಿಯಿಲ್ಲ.

ಹಾಲಿನ ಮಾತೂ ಬರುತ್ತದೆ. ಎಮ್ಮೆ ಸತ್ತ ಸುದ್ದಿ ಹಬ್ಬಿದ ಕೂಡಲೇ ಅದರ ಹಾಲು ಕುಡಿದವರು, ಮೊಸರು ತಿಂದವರು, ಪ್ರಸಾದ ಉಂಡವರು ಎಲ್ಲ ಟೆಂಪೋ ತುಂಬಿಕೊಂಡು ದವಾಖಾನೆಗೆ ಹೋಗುವುದು ಎರಡೂ ರಾಜ್ಯದಲ್ಲಿ ಆಗಾಗ ನಡೆಯುತ್ತದೆ. ಚೆನ್ನಾಗಿ ಕಾಯಿಸಿದ ಹಾಲಿನಿಂದ ರೋಗ ಬರುವುದಿಲ್ಲ. ಹಸಿ ಹಾಲು ಮಾತ್ರ ಕುಡಿಯಬಾರದು, ರೋಗದ ದನದ ಹಾಲು ಹಿಂಡುವುದನ್ನೇ ಬಿಡಬೇಕು. ವಿಚಿತ್ರ ಏನೆಂದರೆ ಚಹಾ ಕುಡಿದವರು ಟೆಂಪೋದಲ್ಲಿ ಮೊದಲು ಕೂತಿರುತ್ತಾರೆ, ಬಾಯಲ್ಲಿ ಕೈ ಹಾಕಿದ ಮಾಲಕ ದನ ಹೂಳಲಿಕ್ಕೆ ಗುಂಡಿ ತೋಡುತ್ತ ಹಿಂದೆ ಉಳಿದಿರುತ್ತಾನೆ.

ದನಕ್ಕೆ ಕಡಿದದ್ದು ಕಣ್ಣಿಗೆ ಬಿದ್ದರೆ ಅದಕ್ಕೂ ಉಪಾಯ ಇದೆ. ಗಾಯಕ್ಕೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನದಿಂದ ಸೂಜಿಯ ಸರಣಿ ಸುರು ಮಾಡಬೇಕು: ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಬೇಕು. ಐದು ಸೂಜಿ, ಐದು ಸಲ ಡಾಕ್ಟರ ಹಾದಿ ಕಾಯುವುದು. ನಾಯಿಗೆ ಮೊದಲೇ ವರ್ಷಕ್ಕೊಂದು ಹಾಕಿಸಿದ್ದರೆ ಇಷ್ಟೂ ತಪ್ಪುತ್ತಿತ್ತು.

ಹದಿನಾಲ್ಕು ಸೂಜಿಯ ನೆನಪು

ಹಳೆಯ ಮಂದಿಗೆ ನಾಯಿ ಕಡಿತ ಅಂದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ಆ ಹೆದರಿಕೆಗೆ ಕಾರಣ ಇತ್ತು. ಫ್ರಾನ್ಸಿನ ಲೂಯಿ ಪಾಶ್ಚರ್ 1885ರ ಜುಲೈಯಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಕೊಟ್ಟು ಉಳಿಸಿದ ಮೇಲೆ, ನಮ್ಮ ದೇಶದಲ್ಲಿ 1900ರಲ್ಲಿ ಹಿಮಾಲಯದ ಕಡೆ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಎದ್ದವು. ಆ ಕಾಲಕ್ಕೆ ನಮ್ಮ ಜತ್ತ ಡಫಳೆಯವರ ಸಂಸ್ಥಾನ. ಇಲ್ಲಿ ಕಡಿಸಿಕೊಂಡವನು ರೈಲು ಹಿಡಿದು ಅಷ್ಟು ದೂರ ಮುಟ್ಟಬೇಕಿತ್ತು. ಹೋದವರೆಷ್ಟು, ಮನೆಯ ಮೂಲೆಯಲ್ಲೇ ಮುಗಿದವರೆಷ್ಟು, ದೇವರಿಗೇ ಗೊತ್ತು. 1911ರಲ್ಲಿ ಕಸೌಲಿಯಲ್ಲಿ ಸೆಂಪಲ್ ಎಂಬ ಡಾಕ್ಟರು ಕುರಿಯ ಮಿದುಳಿನಿಂದ ಲಸಿಕೆ ಮಾಡಿದರು. ಹೊಟ್ಟೆಗೆ ಚುಚ್ಚುತ್ತಿದ್ದದ್ದು ಅದೇ. ಕೆಲವರಿಗೆ ಆ ಲಸಿಕೆಯಿಂದಲೇ ಕೈಕಾಲು ಬಿದ್ದದ್ದುಂಟು. ಸುಮಾರು ತೊಂಬತ್ತು ವರ್ಷ ನಡೆದು, 2005ರ ಹೊತ್ತಿಗೆ ದೇಶದಲ್ಲಿ ಅದು ಪೂರಾ ನಿಂತುಹೋಯಿತು.

ಈಗಿನದು ತೋಳಿಗೆ. ಮಾಂಸಕ್ಕೆ ಕೊಟ್ಟರೆ ಮೊದಲ ದಿನ, 3, 7, 14, 28; ಚರ್ಮದಲ್ಲಿ ಕೊಟ್ಟರೆ ನಾಲ್ಕು ಭೇಟಿ ಸಾಕು. ಗಾಯ ಆಳವಾಗಿದ್ದರೆ ಗಾಯದ ಸುತ್ತಲೇ ಸೀರಮ್ ಬೇರೆ. ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ. ಆದರೂ ಹದಿನಾಲ್ಕರ ಹೆದರಿಕೆ ಇನ್ನೂ ಜೀವಂತ. ಖಾರಪುಡಿ, ಸುಣ್ಣ, ಅರಿಷಿಣ ಮೆತ್ತಿ ಮಂತ್ರ ಹಾಕಿಸಿಕೊಂಡು ಸುಮ್ಮನೆ ಮಲಗುವವರು ಇದ್ದಾರೆ. ಮಾಡಬೇಕಾದದ್ದು ಬಹಳ ಸರಳ: ಬೋರಿನ ನೀರು ಬಿಟ್ಟು, ಬಟ್ಟೆ ಸೋಪಾದರೂ ಸರಿ, ಹದಿನೈದು ನಿಮಿಷ ತೊಳೆಯುವುದು, ಆಮೇಲೆ ನೆಟ್ಟಗೆ ದವಾಖಾನೆ. ಕಡಿದ ನಾಯಿಯನ್ನು ಸಿಟ್ಟಿನಲ್ಲಿ ಹೊಡೆದು ಕೊಲ್ಲಬಾರದು. ಕಟ್ಟಿ ಹತ್ತು ದಿನ ನೋಡಬೇಕು. ಹತ್ತನೇ ದಿನ ರೊಟ್ಟಿ ತಿಂದುಕೊಂಡು ಅರಾಮ ಇದ್ದರೆ, ಕಡಿದ ದಿನ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದರ್ಥ. ನೋಡಿ ಆಮೇಲೆ ಸೂಜಿ ಹಾಕಿಸೋಣ ಅಂತ ಮಾತ್ರ ಕೂಡಬಾರದು, ಸೂಜಿ ಮೊದಲ ದಿನವೇ ಸುರು.

ಇದೆಲ್ಲ ಕಡಿದ ಮೇಲಿನ ಮಾತಾಯಿತು. ನಾಯಿಗೆ ಯಾವಾಗ, ಎಷ್ಟು ಅಂತ ಕೇಳಿದರೆ: ಮರಿ ಮೂರು ತಿಂಗಳು ತುಂಬಿದಾಗ ಹುಚ್ಚಿನ ಮೊದಲ ಲಸಿಕೆ, ಡಾಕ್ಟರು ಹೇಳಿದಂತೆ ಮತ್ತೊಂದು, ಅಲ್ಲಿಂದ ವರ್ಷಕ್ಕೊಂದು. ಹಾದಿ ಮೇಲಿನಿಂದ ಬಂದ ದೊಡ್ಡ ನಾಯಿ ಆದರೆ ಬಂದ ದಿನವೇ ಹಾಕಿಸಬಹುದು. ಖರ್ಚು ಒಂದು ಚೀಲ ಹಿಂಡಿಯ ಬೆಲೆಗೂ ಬರುವುದಿಲ್ಲ. ಲಸಿಕೆ ಶಿಬಿರ ಇದ್ದ ದಿನ ಅದೂ ಇಲ್ಲ.

ದುಡ್ಡು ಕೊಟ್ಟು ಮರಿ ತಂದವರಿಗೆ ಇನ್ನೊಂದು ಲೆಕ್ಕ ಇದೆ. ನಮ್ಮ ಕಡೆ ಕಾರವಾನಿ ಅನ್ನುವ ಬೇಟೆನಾಯಿ, ಅಂದರೆ ಮುಧೋಳ ನಾಯಿ, ಸಾಕುವ ಶೋಕಿ ಮೊದಲಿನಿಂದ ಇದೆ. ಮುಧೋಳದ ರಾಜೇ ಮಾಲೋಜಿರಾವ ಘೋರ್ಪಡೆಯವರು ಇಂಗ್ಲೆಂಡಿನ ಬಾದಶಹನಿಗೆ ಜೋಡಿ ಮರಿ ಕೊಟ್ಟ ತಳಿ ಇದು. 2005ರಲ್ಲಿ ಅಂಚೆಚೀಟಿ ಮೇಲೆ ಬಂತು, ಮುಂದೆ ಸೈನ್ಯಕ್ಕೂ ಸೇರಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ ಪಶು ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವೇ ಇದೆ. ಇಂಥ ತಳಿಯ ಮರಿ ತಂದವರ ಮನೆಯಲ್ಲಿ ಎರಡು ವಾರಕ್ಕೇ ವಾಂತಿ, ನಾರುವ ರಕ್ತಭೇದಿ, ಮೂರನೇ ದಿನ ಮರಿ ಇಲ್ಲ. "ದೃಷ್ಟಿ ಆತು ನೋಡ್ರಿ" ಅನ್ನುತ್ತಾರೆ. ದೃಷ್ಟಿ ಅಲ್ಲ, ಪಾರ್ವೊ. 1978ರಿಂದೀಚೆಗೆ ಜಗತ್ತಿಗೆಲ್ಲ ಹಬ್ಬಿದ ರೋಗ. ಆ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಹೀಗಾಗಿ ಅದೇ ಜಾಗಕ್ಕೆ ತಂದ ಎರಡನೇ ಮರಿಯೂ ಹೋಗುತ್ತದೆ. ಆರರಿಂದ ಎಂಟು ವಾರದ ವಯಸ್ಸಿಗೆ ಪಾರ್ವೊ, ಡಿಸ್ಟೆಂಪರ್ ಕೂಡಿಸಿದ ಲಸಿಕೆ ಸುರು ಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳ ತನಕ ಕೊಡಬೇಕು. ಒಂದೇ ಹಾಕಿಸಿ ಬಿಡುವುದಲ್ಲ: ತಾಯಿಹಾಲಿನಿಂದ ಬಂದ ಶಕ್ತಿ ಮರಿಯಲ್ಲಿ ಇರುವ ತನಕ ಅದೇ ಲಸಿಕೆಯನ್ನೂ ಹೊಡೆದುಹಾಕುತ್ತದೆ. ಆ ಶಕ್ತಿ ಯಾವ ವಾರ ಇಳಿಯುತ್ತದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಕೊಡುವುದು.

ಇನ್ನು ಬೆಕ್ಕು. ಅಂಗಡಿಕಾರರು ಇದನ್ನು ಮನಸ್ಸಿಟ್ಟು ಓದಬೇಕು. ಕಾಳಿನ ಚೀಲ ಇಲಿಯಿಂದ ಉಳಿಯುವುದು ಬೆಕ್ಕಿನ ದಯೆಯಿಂದ. ರಾತ್ರಿ ಅದು ಯಾವ ಮಾಳಿಗೆ, ಯಾವ ನಾಯಿಯ ಎದುರು ಹೋಗಿ ಬರುತ್ತದೆ ಎಂದು ಮಾಲಕನಿಗೆ ತಿಳಿಯುವುದಿಲ್ಲ. ಬೆಕ್ಕಿಗೆ ರೇಬಿಸ್ ಬಂದರೆ ಹೆಚ್ಚಾಗಿ ಅದು ಹಾರಿ ಕಡಿಯುವ ರೂಪದ್ದೇ. ಅದರ ಹಲ್ಲು ಸೂಜಿಯಂಥದ್ದು: ಗಾಯ ಸಣ್ಣದು, ಆಳ ಬಹಳ, ಹೊರಗೆ ರಕ್ತ ಕಾಣದ ಕಾರಣ ಮಂದಿ ಲಕ್ಷ್ಯ ಕೊಡುವುದಿಲ್ಲ. ಬೆಕ್ಕಿಗೂ ಮೂರು ತಿಂಗಳಿಗೆ ರೇಬಿಸ್ ಲಸಿಕೆ, ವರ್ಷಕ್ಕೊಮ್ಮೆ ಮತ್ತೆ. ಒಂದು ಸೂಲಿನ ಮರಿಗಳೆಲ್ಲ ವಾರದಲ್ಲಿ ಸತ್ತುಹೋಗುವ ಕರುಳ ರೋಗಕ್ಕೂ ಬೇರೆ ಲಸಿಕೆ ಇದೆ, ಎಂಟು-ಒಂಬತ್ತು ವಾರಕ್ಕೆ ಸುರು. ಬೆಕ್ಕನ್ನು ದವಾಖಾನೆಗೆ ಒಯ್ಯುವುದೇ ದೊಡ್ಡ ಪಂಚಾಯ್ತಿ. ಗೋಣಿಚೀಲಕ್ಕಿಂತ ತೂತು ಇರುವ ಟೊಮೆಟೊ ಕ್ರೇಟಿಗೆ ಇನ್ನೊಂದು ಕ್ರೇಟು ಡಬ್ಬು ಹಾಕಿ ಕಟ್ಟಿದರೆ ಬೆಕ್ಕೂ ಅರಾಮ, ನಮ್ಮ ಕೈಯೂ ಅರಾಮ.

ಲಸಿಕೆಯ ಬಾಟಲಿ ಅಂಗಡಿಯಿಂದ ತಂದು ಅಂಗಿ ಕಿಸೆಯಲ್ಲಿ ಇಟ್ಟುಕೊಂಡು ಬಿಸಿಲಲ್ಲಿ ಗಾಡಿ ಓಡಿಸಿ ಮುಟ್ಟಿಸಿದರೆ ಅದು ಬರೀ ನೀರು. ಎರಡರಿಂದ ಎಂಟು ಡಿಗ್ರಿ ತಂಪು ಬೇಕು. ಥರ್ಮಾಸಿನಲ್ಲಿ ಬರ್ಫ ಹಾಕಿ ತರಬೇಕು, ಬರ್ಫಕ್ಕೆ ಬಾಟಲಿ ನೇರ ತಾಗದಂತೆ ಬಟ್ಟೆ ಸುತ್ತಬೇಕು, ಹೆಪ್ಪುಗಟ್ಟಿದರೂ ಕೆಟ್ಟಿತು. ನಮ್ಮ ಬೇಸಿಗೆಯ ಬಿಸಿಲು ನಿಮಗೇನು ಹೇಳಬೇಕೆ?

ಗಡಿ ನಮಗೆ, ನಾಯಿಗಲ್ಲ

ನಮ್ಮ ತಾಲೂಕಿನ ಎತ್ತಿನಗಾಡಿಗಳು ಪ್ರತಿ ವರ್ಷ ಕಬ್ಬು ಕಡಿಯಲು ಫ್ಯಾಕ್ಟರಿ ಹಾದಿ ಹಿಡಿಯುತ್ತವೆ. ಕೆಲವು ಸಾಂಗಲಿ-ಕೊಲ್ಲಾಪುರದ ಕಡೆ, ಕೆಲವು ಬೆಳಗಾವಿ ಜಿಲ್ಲೆಯ ಕಡೆ. ಗಾಡಿಯ ಅಚ್ಚಿನ ಕೆಳಗೆ ನೆರಳಲ್ಲಿ ನಾಯಿಯೂ ನಡೆದಿರುತ್ತದೆ. ಕುರಿಹಿಂಡಿನ ಹಿಂದೆಯೂ ಅಷ್ಟೇ. ನಾಯಿಯನ್ನು ಯಾವ ನಾಕಾದವರೂ ತಡೆದು ಯಾವ ರಾಜ್ಯದ್ದು ಎಂದು ಕೇಳುವುದಿಲ್ಲ. ಅಥಣಿ ಕಡೆ ಪಂಚಾಯತಿ ಎಲ್ಲ ನಾಯಿಗೆ ಲಸಿಕೆ ಹಾಕಿಸಿ, ನಾವು ಈಚೆ ಸುಮ್ಮನೆ ಕೂತರೆ ಅವರ ಕೆಲಸ ಅರ್ಧ ನೀರಪಾಲು. ಉಲ್ಟಾ ಆದರೂ ಅದೇ.

ಊರಿನ ಎಲ್ಲ ನಾಯಿ ಹಿಡಿಯುವುದು ಆಗದ ಮಾತು ಅನ್ನುವವರಿಗೆ ಒಂದು ಸಮಾಧಾನ: ಎಲ್ಲ ಬೇಕಿಲ್ಲ. ಒಂದು ರೋಗದ ನಾಯಿ ಸಾಯುವ ಮೊದಲು ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗೆ ರೋಗ ದಾಟಿಸುತ್ತದೆ. ಹತ್ತರಲ್ಲಿ ಏಳು ನಾಯಿಗೆ ಲಸಿಕೆ ಆಗಿದ್ದು, ವರ್ಷವರ್ಷ ಅದನ್ನು ಕಾಯ್ದುಕೊಂಡರೆ ದಾಟಲು ನಾಯಿ ಸಿಗದೆ ರೋಗ ತಾನೇ ಆರುತ್ತದೆ. ಪುಸ್ತಕದ ಮಾತಲ್ಲ ಇದು. ಗೋವಾದಲ್ಲಿ ಸರಕಾರ ಮತ್ತು ಮಿಷನ್ ರೇಬಿಸ್ ಸಂಸ್ಥೆ ಕೂಡಿ ಬಲೆ ಹಿಡಿದು ವರ್ಷಕ್ಕೆ ಸುಮಾರು ಒಂದು ಲಕ್ಷ ನಾಯಿಗೆ ಲಸಿಕೆ ಹಾಕಿ, ಹಾಕಿದ ನಾಯಿಗೆ ಬಣ್ಣದ ಗುರುತು ಮಾಡಿದರು. 2021ರಲ್ಲಿ ಆ ರಾಜ್ಯ ದೇಶದಲ್ಲೇ ಮೊದಲನೆಯದಾಗಿ 'ರೇಬಿಸ್ ನಿಯಂತ್ರಿತ' ಅನ್ನಿಸಿಕೊಂಡಿತು. ಗೋವಾದ ಆಜುಬಾಜು ಯಾರು? ನಾವೇ, ಮಹಾರಾಷ್ಟ್ರ ಮತ್ತು ಕರ್ನಾಟಕ. ದೇಶಕ್ಕೆಲ್ಲ 2030ರ ಗಡುವು ಹಾಕಿಕೊಂಡ ಯೋಜನೆ 2021ರ ಸೆಪ್ಟೆಂಬರ 28ಕ್ಕೆ ಹೊರಬಿತ್ತು. ಅದು ಪಾಶ್ಚರ್ ತೀರಿದ ದಿನ. ಜಗತ್ತಿನಲ್ಲೆಲ್ಲ ರೇಬಿಸ್ ದಿನ ಎಂದು ಆಚರಿಸುವುದು ಅದೇ ದಿನ.

ಗಡಿಯ ಮಂದಿಗೆ ಕಾಗದದ ತೊಡಕು ಒಂದಿದೆ. ನಾಯಿಯ ಕಾರ್ಡು ಇಲ್ಲಿ ಮರಾಠಿಯಲ್ಲಿ, ಅಥಣಿಯಲ್ಲಿ ಕನ್ನಡದಲ್ಲಿ. ಬಾಟಲಿಯ ಮೇಲಿನ ಚೀಟಿ ಕಿತ್ತು ಕಾರ್ಡಿಗೆ ಅಂಟಿಸಿ ತಾರೀಖು ಹಾಕಿಸಿಕೊಂಡರೆ ಆಚೆ-ಈಚೆ ಎರಡೂ ಕಡೆಯ ಡಾಕ್ಟರು ಓದುತ್ತಾರೆ. ಮನುಷ್ಯರ ಚೀಟಿಯೂ ಹಾಗೇ. ಕಬ್ಬಿನ ಫಡದಲ್ಲಿ ಕಡಿಸಿಕೊಂಡು ಮೊದಲ ಸೂಜಿ ಅಲ್ಲಿ ಹಾಕಿಸಿಕೊಂಡವನು ಹಬ್ಬಕ್ಕೆ ಊರಿಗೆ ಬಂದರೆ ಮುಂದಿನದು ಇಲ್ಲಿ ಹಾಕಿಸಬಹುದು. ಚೀಟಿ ಕಿಸೆಯಲ್ಲಿ ಇರಬೇಕು ಅಷ್ಟೇ.

ಲಸಿಕೆ ಹಾಕಿದ ದಿನವೇ ನಾಯಿಗೆ ರಕ್ಷಣೆ ಬರುವುದಿಲ್ಲ, ಮೂರು-ನಾಲ್ಕು ವಾರ ಹಿಡಿಯುತ್ತದೆ. ಗಾಡಿಗಳು ದಸರೆ ಮುಗಿಸಿ ಹೊರಡುತ್ತವೆ. ಅಂದರೆ ಗಣಪತಿ ಕೂರಿಸುವ ಹೊತ್ತಿಗೆ ಗ್ಯಾಂಗಿನ ನಾಯಿಗಳಿಗೆ ಸೂಜಿ ಆಗಿರಬೇಕು. ಈ ಲೆಕ್ಕವನ್ನು ನಾನು ಒಬ್ಬ ಮುಕಾದಮನ ಮುಂದೆ ಇಟ್ಟೆ. ಎಡವಟ್ಟಾಗಿ ನಕ್ಕು, "ಕೊಯ್ತಾಕ್ಕೆ ಉಚಲ್ ಕೊಡ್ತೀನ್ರಿ, ಎತ್ತಿಗೆ ನಾಲ ಬಡಿಸ್ತೀನಿ, ಇನ್ನ ನಾಯಿದೂ ನನ್ನ ತೆಲಿ ಮ್ಯಾಲೇನು?" ಅಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: "ಹನ್ನೊಂದು ಗಾಡಿಗೆ ಆರು ನಾಯಿ ಅದಾವ್ರಿ. ಒಂದ ದಿನಾ ಎಲ್ಲಾನೂ ಹಿಡದ ತಂದ್ರ ಡಾಕ್ಟರ್ ಸಾಹೇಬ್ರು ಬರ್ತಾರೇನು, ಇಲ್ಲಾ ನಾವ ಟ್ರ್ಯಾಕ್ಟರ್ ಟ್ರಾಲಿಯೊಳಗ ಹಾಕ್ಕೊಂಡ ಹೋಗ್ಬೇಕೇನು?"